ಬಿಸಿಲೂರಲ್ಲಿ ತಲೆಗೊಂದು ಚೌಕ ಬಟ್ಟೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುವ ಮಾತು ಕಲಬುರಗಿಗೆ ಸರಿಯಾಗಿ ಒಪ್ಪುತ್ತದೆ. ಹಬ್ಬ ಮುಗಿಯುತ್ತಿದ್ದ ಹಾಗೆ ಮನೆಮನೆಯಲ್ಲೂ ಕೂಲರಿಗೆ ಹೊಸ ಹುಲ್ಲು ಹಾಕಿಸುವ ಗಡಿಬಿಡಿ. ಏಪ್ರಿಲ್ ಕೊನೆಗೆ ಬಿಸಿಲು 42 ಡಿಗ್ರಿ ದಾಟಿದರೆ ಇಲ್ಲಿನವರಿಗೆ ಅದು ಸುದ್ದಿಯೇ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಕೇಳುವುದಕ್ಕೆ ಚೆಂದ. ಆದರೆ ಒಂದೂವರೆಗೆ ಸ್ಕೂಟರ್ ಹತ್ತುವವರಿಗೆ ಗೊತ್ತು, ಸೂರ್ಯ ಆಗಿನ್ನೂ ತನ್ನ ಡ್ಯೂಟಿ ಮುಗಿಸಿರುವುದಿಲ್ಲ.

ನಾನು ಸಾಗರದ ಕಡೆಯವಳು. ಕೂದಲು ದಟ್ಟ, ಗುಂಗುರು, ಸೊಂಟದವರೆಗೆ ಇದೆ. ಊರಲ್ಲಿ ಎಲ್ಲರೂ ಹೊಗಳುತ್ತಿದ್ದ ಕೂದಲು ಇಲ್ಲಿಗೆ ವರ್ಗವಾಗಿ ಬಂದ ಮೇಲೆ ತಲೆಭಾರವಾಯಿತು. ಜಡೆ ಬಿಟ್ಟರೆ ಬೆನ್ನೆಲ್ಲ ಬೆವರು. ತುರುಬು ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ. ಹಣೆ ಅಂಚಿನ ಸಣ್ಣ ಕೂದಲು ಬೆವರಿಗೆ ಅಂಟಿಕೊಂಡು ದಿನವಿಡೀ ತುರಿಕೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬೈತಲೆ. ಬಸ್ ಸ್ಟಾಂಡಲ್ಲಿ, ಸಂತೆಯಲ್ಲಿ, ಫೀಲ್ಡ್ ವಿಸಿಟ್‌ನಲ್ಲಿ ಬರಿತಲೆಯಲ್ಲಿ ನಿಂತೂ ನಿಂತೂ ಆ ಗೆರೆಯ ಚರ್ಮ ಸುಟ್ಟು ಸಿಪ್ಪೆ ಏಳತೊಡಗಿತು. ಬಾಚಣಿಗೆ ತಾಗಿದರೂ ಉರಿ. ಮನೆಯವರು ತಲೆಹೊಟ್ಟು ಅಂದರು. ಚರ್ಮದ ಡಾಕ್ಟರು ಒಂದು ಕ್ಷಣ ನೋಡಿ, “ಹೊಟ್ಟಲ್ಲ, ಬಿಸಿಲು. ತಲೆ ಮುಚ್ಚಿಕೊಂಡು ಓಡಾಡಿ” ಅಂದರು. ಅಮ್ಮನದು ಇನ್ನೂ ಸುಲಭದ ಪರಿಹಾರ. ಫೋನಿನಲ್ಲೇ ಹೇಳಿಬಿಟ್ಟಳು: “ಕತ್ತರಿಸಿ ಬಿಸಾಕೇ ಮಾರಾಯ್ತಿ. ಮತ್ತೆ ಬರೋದಿಲ್ವಾ?”

ಕತ್ತರಿಸಲು ಮನಸ್ಸು ಬರಲಿಲ್ಲ. ಇಲ್ಲಿ ಸ್ಕೂಟರ್ ಓಡಿಸುವ ಹುಡುಗಿಯರೆಲ್ಲ ದುಪಟ್ಟಾವನ್ನು ತಲೆಗೆ, ಮುಖಕ್ಕೆ ಸುತ್ತಿ, ಕಣ್ಣಷ್ಟೇ ಕಾಣುವ ಹಾಗೆ ಹೋಗುತ್ತಾರೆ. ಅದನ್ನೂ ಮಾಡಿ ನೋಡಿದೆ. ಎರಡೂವರೆ ಮೀಟರ್ ಬಟ್ಟೆ ಸುತ್ತಿ, ಅದರ ಮೇಲೆ ಹೆಲ್ಮೆಟ್ ಹಾಕಿದರೆ ಒಳಗೆ ಅನ್ನ ಬೇಯಿಸಬಹುದು. ನಾನು ವಾರದಲ್ಲಿ ಹೆಚ್ಚು ದಿನ ಸೀರೆ ಉಡುವವಳು ಬೇರೆ. ಸೀರೆ ಮೇಲೊಂದು ದುಪಟ್ಟಾ ಹೊತ್ತು ತಿರುಗುವುದು ಯಾರಿಗೆ ಬೇಕು?

ಯುಗಾದಿಗೆ ಬಂದಿದ್ದ ಅಕ್ಕನ ಮಗಳ ತಲೆಯಲ್ಲಿ ಬಂಡಾನಾ ಇತ್ತು. ಬೆಂಗಳೂರಿನ ಕಾಲೇಜು ಹುಡುಗಿ. ಕೆಂಪು ಚೌಕ ಬಟ್ಟೆಯನ್ನು ಪಟ್ಟಿಯಾಗಿ ಮಡಚಿ ಹಣೆಯ ಮೇಲಿನಿಂದ ತಂದು ಕೂದಲ ಕೆಳಗೆ ಗಂಟು ಹಾಕಿದ್ದಳು. ಮುಂಗೂದಲು ಒಂದೂ ಮುಖಕ್ಕೆ ಬೀಳುತ್ತಿರಲಿಲ್ಲ. ಕೇಳಿದ್ದಕ್ಕೆ, “ಇದು ಅಮೆರಿಕನ್ ಸ್ಟೈಲ್ ಚಿಕ್ಕಮ್ಮ, ನಿಂಗೆ ಸೂಟ್ ಆಗುತ್ತೆ” ಅಂತ ಇನ್ನೊಂದನ್ನು ಬ್ಯಾಗಿನಿಂದ ತೆಗೆದು ನನ್ನ ತಲೆಗೇ ಕಟ್ಟಿದಳು.

ಅಮೆರಿಕನ್ ಅಂತೆ! ಆ ಬಟ್ಟೆಯ ತುಂಬ ಇದ್ದದ್ದು ಮಾವಿನಕಾಯಿ ಡಿಸೈನ್. ಕಾಶ್ಮೀರದ ಶಾಲುಗಳಿಂದ ಅದನ್ನು ನೋಡಿ ಸ್ಕಾಟ್ಲೆಂಡಿನ ಪೈಸ್ಲಿ ಅನ್ನುವ ಊರಿನ ನೇಕಾರರು 19ನೇ ಶತಮಾನದಲ್ಲಿ ನೇಯ್ದೂ ನೇಯ್ದೂ ಕೊನೆಗೆ ಡಿಸೈನಿಗೆ ಅವರ ಊರಿನ ಹೆಸರೇ ನಿಂತುಬಿಟ್ಟಿತು. ಬಂಡಾನಾದ ಕಥೆಯೂ ಹೀಗೇ. 18ನೇ ಶತಮಾನದಲ್ಲಿ ಬಂಗಾಳದಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ರೇಷ್ಮೆ ಕರವಸ್ತ್ರಗಳು ಇಂಗ್ಲೆಂಡಿಗೆ ಹೋಗುತ್ತಿದ್ದವು. ಅಲ್ಲಲ್ಲಿ ದಾರದಿಂದ ಕಟ್ಟಿ ಬಣ್ಣದಲ್ಲಿ ಅದ್ದಿ ತೆಗೆದ, ಚುಕ್ಕೆಚುಕ್ಕೆಯ ಬಟ್ಟೆ. ಅಲ್ಲಿ ನಶ್ಯ ಏರಿಸುವವರಿಗೆ ಇದು ಭಾರಿ ಇಷ್ಟ. ಗಾಢ ಬಣ್ಣ, ಕಲೆ ಕಾಣುವುದಿಲ್ಲ. ಆಮೇಲೆ ಅಲ್ಲಿನ ಮಿಲ್ಲುಗಳೇ ಹತ್ತಿ ಬಟ್ಟೆಯಲ್ಲಿ ಅಚ್ಚು ಹಾಕಲು ಶುರುಮಾಡಿದವು. ಅಮೆರಿಕದಲ್ಲಿ ದನ ಕಾಯುವವರು ಧೂಳಿಗೆ ಮುಖಕ್ಕೆ ಕಟ್ಟಿಕೊಂಡರು. ಎರಡನೇ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗೆ ಹೋದ ಹೆಂಗಸರು ಕೂದಲು ಯಂತ್ರಕ್ಕೆ ಸಿಗದಿರಲಿ ಅಂತ ತಲೆಗೆ ಬಟ್ಟೆ ಕಟ್ಟಿದರು. ತೋಳು ಮಡಚಿ ನಿಂತ ಹೆಂಗಸು, ತಲೆಯಲ್ಲಿ ಬಿಳಿ ಚುಕ್ಕೆಯ ಕೆಂಪು ಬಟ್ಟೆ, ನೆತ್ತಿಯ ಮೇಲೆ ಗಂಟು. ಜೆ. ಹೊವರ್ಡ್ ಮಿಲ್ಲರ್ ಅನ್ನುವ ಅಮೆರಿಕದ ಕಲಾವಿದ ಬಿಡಿಸಿದ ಆ ಪೋಸ್ಟರ್ 1943ರದ್ದು. ಇಷ್ಟೆಲ್ಲ ಊರು ಸುತ್ತಿ ಆ ಬಟ್ಟೆ ನನ್ನ ಅಕ್ಕನ ಮಗಳ ಬ್ಯಾಗಿಗೆ ಬಂದದ್ದು ಪಾಲಿಯೆಸ್ಟರ್ ಆಗಿ.

ಹೌದು, ಪಾಲಿಯೆಸ್ಟರ್. ಮಾರನೇ ದಿನ ಅದನ್ನೇ ಕಟ್ಟಿ ಕಚೇರಿಗೆ ಹೋದೆ. ಹತ್ತು ಗಂಟೆಯ ಹೊತ್ತಿಗೆ ಹಣೆಯಿಂದ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು, ಬಟ್ಟೆ ಮಾತ್ರ ಒಣಗಿಯೇ ಇತ್ತು. ಬೆವರನ್ನು ಹೀರದೆ ಸುಮ್ನೆ ಕೆಳಗೆ ದಾಟಿಸುತ್ತಿತ್ತು. ಅದು ಸಾಲದು ಅಂತ ನುಣುಪು. ಗುಂಗುರು ಕೂದಲ ಮೇಲೂ ಜಾರಿ ಜಾರಿ ಹಿಂದಕ್ಕೆ ಹೋಗುವುದು, ನಾನು ಎಳೆದು ಮುಂದಕ್ಕೆ ತರುವುದು. ನಮ್ಮ ಕಚೇರಿಯ ಅಟೆಂಡರ್ ಅಕ್ಕ ಟೀ ತಂದವರು ನಿಂತು ನೋಡಿದರು. “ಮೇಡಂರಿ, ತಲಿ ನೋಯ್ಲತ್ತದೇನ್ರಿ? ಗುಳಿಗಿ ತರ್ಲೇನ್ರಿ?”

ನಮ್ಮಲ್ಲಿ ತಲೆಗೆ ಬಟ್ಟೆ ಬಿಗಿದರೆ ತಲೆನೋವು ಅಂತಲೇ ಅರ್ಥ, ಅಲ್ವಾ? ಅವತ್ತು ಮಧ್ಯಾಹ್ನದೊಳಗೆ ಇನ್ನೂ ಕೆಲವರು ವಿಚಾರಿಸಿಕೊಂಡರು. ಒಬ್ಬರಂತೂ ರಜೆ ಹಾಕಿ ಮನೆಗೆ ಹೋಗಿ ಮಲಗಿ ಅಂದರು. ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ.

ಬಟ್ಟೆಯೇ ಸರಿಯಿಲ್ಲ, ಕಟ್ಟುವ ಯೋಚನೆ ಸರಿ ಇದೆ ಅಂತ ನನಗೆ ಅನ್ನಿಸಿತ್ತು. ಯಾಕೆಂದರೆ ಕೆಲಸದ ಹೆಂಗಸರು ಇದನ್ನು ಯಾವತ್ತೋ ಮಾಡಿಕೊಂಡು ಬಂದಿದ್ದಾರೆ. ಇಲ್ಲಿನ ದಾಲ್ ಮಿಲ್ಲುಗಳಲ್ಲಿ ತೊಗರಿ ಧೂಳಿನ ನಡುವೆ ನಿಲ್ಲುವವರ ತಲೆ ನೋಡಿ. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಹೊರುವವರನ್ನು ನೋಡಿ. ಟವೆಲ್ಲೋ, ಹಳೆ ಸೀರೆಯ ತುಂಡೋ ತಲೆಗೆ ಇದ್ದೇ ಇರುತ್ತದೆ. ಕೊಡಗಿನ ಒಂದು ಮದುವೆಗೆ ಹೋಗಿದ್ದಾಗ ಅಲ್ಲಿನ ಹಿರಿಯ ಹೆಂಗಸರು ತಲೆಗೆ ಕಟ್ಟಿದ್ದ ‘ವಸ್ತ್ರ’ವನ್ನು ಹತ್ತಿರದಿಂದ ನೋಡಿದ್ದೆ. ಹಣೆಯ ಮೇಲೆ ನೇರ ಅಂಚು, ಕಿವಿಯ ಹಿಂದಿನಿಂದ ಎರಡು ತುದಿ, ಕತ್ತಿನ ಹಿಂದೆ ಗಂಟು. ಮೈಯೆಲ್ಲ ಒಡವೆ ಹಾಕಿಕೊಂಡ ಗತ್ತಿನಲ್ಲೂ ಆ ಬಟ್ಟೆ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಅವರನ್ನು ಯಾರೂ ತಲೆನೋವಾ ಅಂತ ಕೇಳುವುದಿಲ್ಲ.

ಹಾಗಾಗಿ ಹತ್ತಿ ಬಟ್ಟೆ ಹುಡುಕುವ ಕೆಲಸ ಶುರುವಾಯಿತು. ಒಂದು ಫ್ಯಾನ್ಸಿ ಸ್ಟೋರಿನಲ್ಲಿ ‘ಪ್ಯೂರ್ ಕಾಟನ್’ ಅಂತ ಚೀಟಿ ಹಚ್ಚಿದ ಬಂಡಾನಾ ಸಿಕ್ಕಿತು. ಮನೆಗೆ ತಂದು ಅಂಚಿನಿಂದ ನಾಲ್ಕು ಎಳೆ ಬಿಡಿಸಿ ದೀಪಕ್ಕೆ ಹಿಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಇದು ಸುರುಟಿಕೊಂಡು, ತುದಿಯಲ್ಲಿ ಕರಿ ಮಣಿ ಕಟ್ಟಿತು. ಉಗುರಲ್ಲಿ ಒತ್ತಿದರೂ ಒಡೆಯದ ಮಣಿ. ಅದೂ ಪಾಲಿಯೆಸ್ಟರೇ. ಇವತ್ತಿಗೂ ನಾನು ತಲೆಗೆ ಕಟ್ಟುವ ಯಾವ ಬಟ್ಟೆಯನ್ನೂ ಎಳೆ ಸುಡದೆ ನಂಬುವುದಿಲ್ಲ. ನೀವು ಮಾಡಿ ನೋಡುವುದಾದರೆ ಎಳೆಯನ್ನು ಇಕ್ಕಳದಲ್ಲಿ ಹಿಡಿಯಿರಿ, ಸ್ಟೀಲ್ ತಟ್ಟೆಯ ಮೇಲೆ ಮಾಡಿ. ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಸುಡುತ್ತದೆ.

ಅಂಗಡಿಯ ಬಂಡಾನಾಗಳಲ್ಲಿ ಇನ್ನೊಂದು ತಕರಾರಿದೆ. ಅಳತೆ. ಸಾಮಾನ್ಯವಾಗಿ ಸಿಗುವುದು 22 ಇಂಚಿನ ಚೌಕ. ಮೂಲೆಯಿಂದ ಮೂಲೆಗೆ ಮಡಚಿದರೆ ಉದ್ದ ಸುಮಾರು 31 ಇಂಚು. ಟೇಪು ಹಿಡಿದು ನನ್ನ ತಲೆ ಅಳೆದೆ, ಕೂದಲು ಸೇರಿ 23. ಉಳಿದದ್ದು ಎಂಟೇ ಇಂಚು. ಒಂದೊಂದು ಕಡೆಗೆ ನಾಲ್ಕಿಂಚಿನಲ್ಲಿ, ಅದೂ ಕೈ ಹಿಂದಕ್ಕೆ ಹಾಕಿ, ಕೂದಲ ಕೆಳಗೆ ಗಂಟು ಹಾಕುವುದು ಅಂದರೆ ಸರ್ಕಸ್ಸು. ತೆಳು ಕೂದಲಿನವರಿಗೆ ಇದು ಸಾಕಾಗುತ್ತದೆ. ನನ್ನಂಥ ಜೊಂಪೆ ಕೂದಲಿನವರಿಗೆ 27 ಇಂಚಾದರೂ ಬೇಕು. ಆಗ ಮೂಲೆಯಿಂದ ಮೂಲೆಗೆ 38 ಬರುತ್ತದೆ, ಗಂಟು ಹಾಕಿದ ಮೇಲೂ ತುದಿ ಉಳಿಯುತ್ತದೆ.

ಆ ಅಳತೆ ರೆಡಿಮೇಡ್ ಸಿಗಲಿಲ್ಲ. ಸೀರೆ ಮ್ಯಾಚಿಂಗ್ ಸೆಂಟರ್‌ಗೆ ಹೋದೆ. ಇದು ಮೊದಲೇ ಹೊಳೆಯಬೇಕಿತ್ತು ನೋಡಿ, ನಮ್ಮ ಊರುಗಳಲ್ಲಿ ಒಳ್ಳೆಯ ತೆಳು ಹತ್ತಿ ಬಟ್ಟೆ ನೂರು ಬಣ್ಣದಲ್ಲಿ ಸಿಗುವ ಜಾಗ ಅದೊಂದೇ. ಟೂ ಬೈ ಟೂ ರೂಬಿಯಾ ತೋರಿಸಿದರು. ಉದ್ದಕ್ಕೂ ಅಡ್ಡಕ್ಕೂ ಎರಡೆಳೆ ಹುರಿ ಮಾಡಿದ ನೂಲು, ಗಟ್ಟಿ ಬಾಳಿಕೆ. 36 ಇಂಚು ಪನ್ನಾ, ಅಂದರೆ ಅಗಲ. ಮುಕ್ಕಾಲು ಮೀಟರ್ ತಗೊಂಡರೆ 27ರ ಒಂದು ಚೌಕ, ಪಕ್ಕದಲ್ಲಿ 9 ಇಂಚಿನ ಒಂದು ಪಟ್ಟಿ. ಆ ಪಟ್ಟಿಯೂ ವ್ಯರ್ಥವಲ್ಲ, ಯಾಕೆಂದು ಆಮೇಲೆ ಹೇಳುತ್ತೇನೆ. ಜೊತೆಗೆ ಮಲ್ಮಲ್ ಕೂಡ ತಗೊಂಡೆ. ಅದು ರೂಬಿಯಾಕ್ಕಿಂತ ತೆಳು, ಕೈಯ ಗೆರೆ ಕಾಣುವಷ್ಟು ಸಡಿಲ ನೇಯ್ಗೆ. ಅಂಗಡಿಯವರು ಅಂಚಿನಲ್ಲಿ ಕತ್ತರಿಯಿಂದ ಒಂದು ಚೂರು ಕತ್ತರಿಸಿ, ಎರಡೂ ಕೈಯಲ್ಲಿ ಹಿಡಿದು ಟರ್ರನೆ ಹರಿದರು. ಹೀಗೆ ಹರಿದರೆ ಎಳೆಯ ಗುಂಟ ನೇರ ಬರುತ್ತದೆ. ಕತ್ತರಿಯಲ್ಲಿ ಕತ್ತರಿಸಿದ್ದು ಎಷ್ಟೇ ಗೆರೆ ಹಾಕಿದರೂ ಸ್ವಲ್ಪ ವಾಲುತ್ತದೆ, ವಾಲಿದ ಚೌಕ ತಲೆಯ ಮೇಲೆ ಒಂದು ಕಡೆಗೆ ಎಳೆಯುತ್ತದೆ.

ಚೌಕ ಮಾಡುವ ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ಒಣಗಿಸಿದೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಉದ್ದಕ್ಕೊಂದಷ್ಟು, ಅಡ್ಡಕ್ಕೊಂದಷ್ಟು. ಆಮೇಲೆ ಕುಗ್ಗಿದರೆ ಚೌಕ ಚೌಕವಾಗಿ ಉಳಿಯುವುದಿಲ್ಲ. ಕೆಂಪು ರೂಬಿಯಾದ ನೀರು ಕುಂಕುಮದ ನೀರೇ ಆಯಿತು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರೆ. ನನ್ನ ಅನುಭವದಲ್ಲಿ ಉಪ್ಪಿನಿಂದ ಏನೂ ಆಗಲಿಲ್ಲ. ಹೆಚ್ಚಿನ ಬಣ್ಣ ಹೋಗುವ ತನಕ ಒಗೆಯುತ್ತಾ ಹೋಗುವುದೇ ದಾರಿ. ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಬಟ್ಟೆಗೆ ಗಟ್ಟಿಯಾಗಿ ಉಜ್ಜಿ ನೋಡಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಬೆವರಿನಲ್ಲಿ ಹಣೆಗೂ ಹತ್ತುತ್ತದೆ.

ಅಂಚು ಮಡಚಿ ಹೊಲಿದರೆ ದಪ್ಪವಾಗುತ್ತದೆ, ಹೆಲ್ಮೆಟ್ ಒಳಗೆ ಒತ್ತುತ್ತದೆ. ಅದಕ್ಕೆ ಸೀರೆಗೆ ಪಿಕೋ, ಫಾಲ್ ಮಾಡುವವರ ಹತ್ತಿರ ಒಯ್ದೆ. ಆಕೆ ಚೌಕವನ್ನು ಬಿಡಿಸಿ ತಿರುಗಿಸಿ ನೋಡಿದರು. “ಸೀರಿ ಅಲ್ಲ, ಕರ್ಚೀಪ್ ಅಲ್ಲ, ಏನ್ರಿ ಇದು?” ತಲೆಗೆ ಅಂದೆ. “ತಲಿಗೇನ್ರಿ? ಹಂಗಾರ ಮೂಲಿ ಸ್ವಲ್ಪ ಗೋಲ್ ಮಾಡ್ತೀನಿ ತಗೋರಿ. ಚೂಪ್ ಇದ್ರ ಎಳಿ ಬಿಚ್ಚಿ ಬರ್ತಾವ.” ಅವರು ಹೇಳಿದ್ದು ಸರಿ. ನಾಲ್ಕೂ ಮೂಲೆ ಒಂಚೂರು ದುಂಡಗಾದ ಆ ಚೌಕಗಳ ಎಳೆ ಇನ್ನೂ ಬಿಚ್ಚಿಲ್ಲ.

ಕಟ್ಟುವ ವಿಷಯಕ್ಕೆ ಬರೋಣ. ವಿಡಿಯೋಗಳಲ್ಲಿ ಹತ್ತಾರು ಸ್ಟೈಲ್ ತೋರಿಸುತ್ತಾರೆ. ನೆತ್ತಿ ಮೇಲೆ ಬೋ, ಪಕ್ಕದಲ್ಲಿ ಹೂವಿನ ಗಂಟು, ಏನೇನೋ. ನನ್ನ ದಿನದ ಓಡಾಟಕ್ಕೆ ನಿಂತದ್ದು ಮೂರೇ.

ಬಿಸಿಲಿಗೆ ಹೋಗುವ ದಿನ ಮುಕ್ಕೋನ. ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ಮಡಚುತ್ತೇನೆ. ಉದ್ದದ ಅಂಚು ಕ್ರಾಸ್‌ನಲ್ಲಿ ಬರುತ್ತದೆ. ಟೈಲರುಗಳಿಗೆ ಇದು ಗೊತ್ತಿರುವ ವಿಷಯ: ಎಳೆಗೆ ಓರೆಯಾಗಿ ಎಳೆದರೆ ಹತ್ತಿ ಬಟ್ಟೆಯೂ ಹಿಗ್ಗುತ್ತದೆ. ಹಾಗಾಗಿ ಆ ಅಂಚು ತಲೆಯ ಆಕಾರಕ್ಕೆ ತಾನೇ ಹೊಂದಿಕೊಂಡು ಕೂರುತ್ತದೆ, ಎಲಾಸ್ಟಿಕ್ ಬೇಕಿಲ್ಲ. ಅಂಚನ್ನು ಕೂದಲು ಶುರುವಾಗುವ ಜಾಗಕ್ಕಿಂತ ಎರಡು ಬೆರಳು ಹಿಂದಕ್ಕೆ ಇಡಬೇಕು. ಸರಿ ಹಣೆಯ ಗೆರೆಗೇ ಇಟ್ಟು ಬಿಗಿದರೆ ಮುಂದಿನ ಎಳೆ ಕೂದಲೆಲ್ಲ ಬೇರಿನಿಂದ ಜಗ್ಗುತ್ತದೆ. ದಿನಾ ಹೀಗೆ ಜಗ್ಗಿದರೆ ಅಲ್ಲಿ ಕೂದಲು ಉದುರಿ ಹಣೆ ದೊಡ್ಡದಾಗುತ್ತಾ ಹೋಗುತ್ತದೆ. ಎರಡು ತುದಿಯನ್ನು ಕಿವಿಯ ಮೇಲಿಂದ ಅಲ್ಲ, ಕಿವಿಯ ಹಿಂದಿನಿಂದ ತಂದು ಜಡೆಯ ಕೆಳಗೆ, ಕತ್ತಿನ ಹಿಂದಿನ ಗುಂಡಿಯ ಹತ್ತಿರ ಗಂಟು. ಬಲದ ತುದಿ ಎಡದ ಮೇಲೆ ಒಮ್ಮೆ, ಆಮೇಲೆ ಎಡದ ತುದಿ ಬಲದ ಮೇಲೆ ಒಮ್ಮೆ. ಹೀಗೆ ಹಾಕಿದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ, ಜಾರುವುದಿಲ್ಲ, ಬಿಚ್ಚುವಾಗ ಬೇಗ ಬಿಚ್ಚುತ್ತದೆ. ಎರಡು ಸಲವೂ ಬಲದ ತುದಿಯನ್ನೇ ಮೇಲೆ ತಂದರೆ ಗಂಟು ಸೊಟ್ಟಗಾಗಿ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಗಂಟಿನೊಳಗೆ ಒಂದು ಬೆರಳು ಆರಾಮಾಗಿ ಹೋಗಬೇಕು. ಹೋಗದಿದ್ದರೆ ಸಂಜೆಗೆ ಅಟೆಂಡರ್ ಅಕ್ಕನ ಗುಳಿಗಿ ನಿಜವಾಗಿಯೂ ಬೇಕಾಗುತ್ತದೆ.

ಗುಂಗುರು ಕೂದಲಿನವರಿಗೆ ಇಷ್ಟು ಸಾಕು. ನನ್ನ ನಾದಿನಿಯ ಕೂದಲು ರೇಷ್ಮೆ, ಅವಳಿಗೆ ಏನು ಕಟ್ಟಿದರೂ ಜಾರುತ್ತಿತ್ತು. ಎರಡೂ ಕಿವಿಯ ಹಿಂದೆ ಕಪ್ಪು ಹೇರ್‌ಪಿನ್ನನ್ನು ಒಂದರ ಮೇಲೊಂದು ಅಡ್ಡ ಹಾಕಿದ ಮೇಲೆ ನಿಂತಿತು. ಪಿನ್ನು ಬಟ್ಟೆಯನ್ನಷ್ಟೇ ಹಿಡಿದರೆ ಉಪಯೋಗವಿಲ್ಲ, ಅಡಿಯ ಕೂದಲನ್ನೂ ಒಂದು ಎಳೆ ಸೇರಿಸಿ ಹಿಡಿಯಬೇಕು.

ನೆರಳಲ್ಲೇ ಇರುವ ದಿನ ಪಟ್ಟಿ. ಮುಕ್ಕೋನದ ಚೂಪು ತುದಿಯಿಂದ ಶುರುಮಾಡಿ ಉದ್ದದ ಅಂಚಿನ ಕಡೆಗೆ ಎರಡಿಂಚು ಅಗಲಕ್ಕೆ ಮಡಚುತ್ತಾ ಹೋಗುವುದು. ಬೈತಲೆ ಪೂರ್ತಿ ಮುಚ್ಚುವುದಿಲ್ಲ, ಆದರೆ ಹಣೆಯ ಬೆವರು ಕಣ್ಣಿಗೆ ಇಳಿಯುವುದಿಲ್ಲ, ತಲೆಗೂ ಗಾಳಿಯಾಡುತ್ತದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ನಾನು ಕಟ್ಟುವುದು ಇದನ್ನೇ.

ಮೂರನೆಯದಕ್ಕೆ ಉಳಿದ 9 ಇಂಚಿನ ಪಟ್ಟಿ. ಕತ್ತಿನ ಹತ್ತಿರ ಕೂದಲನ್ನು ಒಟ್ಟು ಮಾಡಿ, ಪಟ್ಟಿಯನ್ನು ಉದ್ದಕ್ಕೆ ಮಡಚಿ ಬುಡದಲ್ಲಿ ಗಂಟು ಹಾಕಿ, ಜಡೆಯ ಒಂದು ಎಳೆಯ ಜೊತೆ ಸೇರಿಸಿ ಹೆಣೆಯುವುದು. ಶಾಲೆಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿಕೊಂಡು ಹೋದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಗುಂಗುರು ಜಡೆಯಿಂದ ಎದ್ದು ನಿಲ್ಲುವ ಕೂದಲೆಲ್ಲ ಒಳಗೆ ಕೂರುತ್ತದೆ. ಜಡೆಯನ್ನು ಮೇಲೆತ್ತಿ ಅದೇ ಪಟ್ಟಿಯ ತುದಿಯಿಂದ ಬುಡಕ್ಕೆ ಕಟ್ಟಿದರೆ ಬೆನ್ನೂ ತಂಪು.

ಈ ಬಟ್ಟೆಯ ದೊಡ್ಡ ಉಪಯೋಗ ನನಗೆ ಗೊತ್ತಾದದ್ದು ನೀರು ಹಾಕಿದ ಮೇಲೆ. ಮಧ್ಯಾಹ್ನ ಹೊರಡುವ ಮುಂಚೆ ಮಲ್ಮಲ್ ಚೌಕವನ್ನು ನಲ್ಲಿಯಡಿ ಹಿಡಿದು, ಗಟ್ಟಿಯಾಗಿ ಹಿಂಡಿ, ಕೊಡವಿ ಕಟ್ಟುತ್ತೇನೆ. ಕೂಲರ್ ಹುಲ್ಲಿನಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ. ಒಣಗಾಳಿ ನೀರನ್ನು ಎಳೆದುಕೊಳ್ಳುತ್ತದೆ, ನೀರು ಆವಿಯಾಗುವಾಗ ಶಾಖವನ್ನೂ ಎತ್ತಿಕೊಂಡು ಹೋಗುತ್ತದೆ. ನಡೆದುಕೊಂಡು ಹೋಗುವಾಗ ಇದರ ಸುಖ ಜಾಸ್ತಿ. ಹೆಲ್ಮೆಟ್ ಹಾಕಿದರೆ ಒಳಗೆ ಗಾಳಿ ಆಡುವುದು ಕಡಿಮೆ, ಒದ್ದೆ ಬಟ್ಟೆ ಬಿಸಿಯಾಗಿ ಕೂರುತ್ತದೆ. ಅದಕ್ಕೆ ಸ್ಕೂಟರ್‌ಗೆ ನನ್ನದೊಂದು ಉಪಾಯ: ಮುಕ್ಕೋನದ ಬಾಲವನ್ನು ಗಂಟಿನೊಳಗೆ ಸಿಕ್ಕಿಸದೆ ಹೆಲ್ಮೆಟ್ಟಿನ ಹಿಂದೆ ಕತ್ತಿನ ಮೇಲೆ ಇಳಿಬಿಟ್ಟು, ಅಷ್ಟನ್ನು ಮಾತ್ರ ಒದ್ದೆ ಮಾಡುವುದು. ಗಾಡಿ ಓಡುವಾಗ ಗಾಳಿ ಅದಕ್ಕೇ ಬಡಿಯುತ್ತದೆ. ಮನೆ ಮುಟ್ಟುವಷ್ಟರಲ್ಲಿ ಬಾಲ ಒಣಗಿರುತ್ತದೆ, ಕತ್ತು ತಣ್ಣಗಿರುತ್ತದೆ.

ಹೆಲ್ಮೆಟ್ ಬಗ್ಗೆ ಇನ್ನೊಂದು ಮಾತು. ಗಂಟು ಯಾವ ಕಾರಣಕ್ಕೂ ಹೆಲ್ಮೆಟ್ಟಿನ ಒಳಗೆ ಬರಬಾರದು, ಅಂಚಿಗಿಂತ ಕೆಳಗಿರಬೇಕು. ನೆತ್ತಿಯ ಮೇಲಿನ ಬೋ ಅಂತೂ ಬೇಡವೇ ಬೇಡ. ತಲೆ ಮತ್ತು ಹೆಲ್ಮೆಟ್ಟಿನ ನಡುವೆ ಉಂಡೆ ಇದ್ದರೆ ಹೆಲ್ಮೆಟ್ ಮೇಲೆದ್ದು ಕೂರುತ್ತದೆ, ಭದ್ರವಾಗಿ ನಿಲ್ಲುವುದಿಲ್ಲ. ದಪ್ಪ ಬಟ್ಟೆಯೂ ಬೇಡ. ತೆಳು ಮಲ್ಮಲ್ ಆದರೆ ಹೆಲ್ಮೆಟ್ಟಿನ ಒಳಗಿನ ಸ್ಪಂಜಿಗೆ ಬೆವರು, ಎಣ್ಣೆ ತಾಗದೆ ಅದೂ ಸ್ವಚ್ಛವಾಗಿರುತ್ತದೆ.

ಮೇ ತಿಂಗಳಲ್ಲಿ ಕುಂದಾಪುರದ ಅಕ್ಕನ ಮನೆಗೆ ಹೋದಾಗ ಇದೇ ಒದ್ದೆ ಬಟ್ಟೆ ಕಟ್ಟಿಕೊಂಡು ದೇವಸ್ಥಾನಕ್ಕೆ ಹೊರಟೆ. ಅಲ್ಲಿ ಬಿಸಿಲು ಕಲಬುರಗಿಯ ಮುಂದೆ ಏನೂ ಅಲ್ಲ. ಆದರೆ ಗಾಳಿಯಲ್ಲೇ ನೀರಿದೆ. ಬಟ್ಟೆ ಒಣಗಲೇ ಇಲ್ಲ. ತಂಪೂ ಇಲ್ಲ, ತಲೆ ಮೇಲೆ ಒದ್ದೆ ಪಂಚೆ ಹೊತ್ತ ಹಿಂಸೆ. ಸಂಜೆ ಬಿಚ್ಚಿದಾಗ ಮುಗ್ಗುಲು ವಾಸನೆ. ಕರಾವಳಿಯಲ್ಲಿ ಒಣ ಪಟ್ಟಿಯಷ್ಟೇ ಸರಿ, ಅದನ್ನೂ ಬೆವರು ಹೀರಿದ ಕೂಡಲೇ ಬದಲಿಸಬೇಕು. ಅಲ್ಲಿ ಬ್ಯಾಗಿನಲ್ಲಿ ಎರಡನೆಯದೊಂದು ಇರಲೇಬೇಕು. ಒದ್ದೆ ಕೂದಲ ಮೇಲೆ ಬಟ್ಟೆ ಬಿಗಿದು ಗಂಟೆಗಟ್ಟಲೆ ಇಟ್ಟರೆ ತಲೆಹೊಟ್ಟಿಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ. ಹೊಟ್ಟು ಹೆಚ್ಚಿಸುವ ಶಿಲೀಂಧ್ರಕ್ಕೆ ಬೇಕಾದದ್ದೇ ಬೆಚ್ಚಗಿನ ತೇವ ಮತ್ತು ಎಣ್ಣೆ. ಹಾಗಾಗಿ ತಲೆಸ್ನಾನದ ದಿನ ಬೇರು ಒಣಗುವ ತನಕ ನಾನು ಏನೂ ಕಟ್ಟುವುದಿಲ್ಲ. ಎಣ್ಣೆ ಹಚ್ಚಿದ ದಿನಕ್ಕೆ ಒಂದು ಹಳೆಯ ಕಂದು ಚೌಕ ಬೇರೆಯೇ ಇಟ್ಟಿದ್ದೇನೆ. ಹತ್ತಿ ಎಣ್ಣೆಯನ್ನು ಹೀರುತ್ತದೆ, ಆಮೇಲೆ ಆ ಜಿಡ್ಡು ಬಿಸಿನೀರಿಗೆ ಸೋಪಿನ ಪುಡಿ ಹಾಕಿ ನೆನೆಸಿದರೆ ಮಾತ್ರ ಹೋಗುತ್ತದೆ.

ನನ್ನ ಹತ್ತಿರ ಇರುವವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟು ತಂದದ್ದಲ್ಲ. ನಮ್ಮ ಕೆಳಮನೆಯ ಆಯಿ ಕೌದಿ ಹೊಲಿಯುತ್ತಾರೆ. ಹಳೆ ಸೀರೆಗಳ ರಾಶಿ ಹಾಕಿಕೊಂಡು ಕೂತಿದ್ದಾಗ ನನ್ನ ತಲೆಯ ರೂಬಿಯಾವನ್ನು ಬೆರಳಲ್ಲಿ ತಿಕ್ಕಿ ನೋಡಿದರು. “ಹೊಸಾದು, ಇನ್ನಾ ಬಿರುಸು ಅದ” ಅಂದರು. ರಾಶಿಯಿಂದ ಒಂದು ನೀಲಿ ಕಾಟನ್ ಸೀರೆ ಎಳೆದು, ಕೂರುವ ಭಾಗದ ಬಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಜಾಳುಜಾಳು. “ಇದು ಬ್ಯಾಡ, ನಿರಿಗಿ ಒಳಗಿಂದು ತಗೋ” ಅಂತ ಅಲ್ಲಿಂದ ಒಂದು ತುಂಡು ಹರಿದು ಕೊಟ್ಟರು. “ಒಗದು ಒಗದು ಮೆತ್ತಗಾಗ್ಯದ. ತಲಿಗೆ ಇದೇ ಛಲೋ.” ವರ್ಷಗಟ್ಟಲೆ ಒಗೆದ ಹತ್ತಿಯಲ್ಲಿ ಗಂಜಿಯ ಅಂಶ ಒಂದೂ ಉಳಿದಿರುವುದಿಲ್ಲ. ಬೆವರು ತಾಗುವುದೇ ತಡ, ಹೀರಿಬಿಡುತ್ತದೆ. ಬಣ್ಣ ಬಿಡುವುದು ಎಂದೋ ಮುಗಿದಿರುತ್ತದೆ, ಕುಗ್ಗುವುದೂ ಮುಗಿದಿರುತ್ತದೆ. ನಿಮ್ಮ ಮನೆಯಲ್ಲೂ ಒಂದು ಹಳೆ ಕಾಟನ್ ಸೀರೆ ಇದ್ದರೆ ಮ್ಯಾಚಿಂಗ್ ಸೆಂಟರ್ ತನಕ ಹೋಗುವುದೇ ಬೇಡ.

ಗುಳೇದಗುಡ್ಡದ ಖಣದಲ್ಲೂ ಒಂದು ಮಾಡಿಸಿದ್ದೇನೆ. ನೋಡಲು ಅದರ ಮುಂದೆ ಯಾವುದೂ ಇಲ್ಲ. ಆದರೆ ಬಟ್ಟೆ ಬಿಗಿ, ಗಂಟು ದಪ್ಪ, ಬಿಸಿಲಿಗೆ ಆಗುವುದಿಲ್ಲ. ಅದು ಬೆಳಗಿನ ಹೊತ್ತಿನ ಮದುವೆ, ಗೃಹಪ್ರವೇಶಕ್ಕೆ ಅಷ್ಟೇ, ಅದೂ ತಲೆಗಲ್ಲ, ತುರುಬಿಗೆ ಸುತ್ತುವುದಕ್ಕೆ.

ಬೈತಲೆಯ ಉರಿ ಆ ಬೇಸಿಗೆಯಲ್ಲೇ ನಿಂತಿತು. ಸಿಪ್ಪೆ ಏಳುವುದೂ ನಿಂತಿತು. ಕಚೇರಿಯಲ್ಲಿ ಈಗ ಯಾರೂ ಆರೋಗ್ಯ ವಿಚಾರಿಸುವುದಿಲ್ಲ, ಬಟ್ಟೆ ಎಲ್ಲಿ ಸಿಕ್ಕಿತು ಅಂತ ಕೇಳುತ್ತಾರೆ. ಅಟೆಂಡರ್ ಅಕ್ಕ ಒಂದು ಮಲ್ಮಲ್ ಚೌಕ ತಗೊಂಡು ಹೋದವರು ಅದನ್ನು ಮಗನಿಗೆ ಕೊಟ್ಟಿದ್ದಾರೆ. ಅವನು ಟಂಟಂ ಆಟೋ ಓಡಿಸುವಾಗ ಹಣೆಗೆ ಕಟ್ಟುತ್ತಾನಂತೆ.

ನನಗೆ ಬಗೆಹರಿಯದೆ ಉಳಿದಿರುವುದು ಹೂವಿನ ಸಮಸ್ಯೆ. ಮಲ್ಲಿಗೆ ರಾಶಿರಾಶಿಯಾಗಿ ಬರುವುದೇ ಬೇಸಿಗೆಯಲ್ಲಿ. ಬಂಡಾನಾ ಕಟ್ಟಿದ ತಲೆಗೆ ಎಲ್ಲಿ ಮುಡಿಯುವುದು? ಪಟ್ಟಿಯ ಗಂಟಿನ ಮೇಲೆ ಒಂದು ಮೊಳ ಸುತ್ತಿ ಪಿನ್ನು ಹಾಕಿದರೆ ಚೆನ್ನಾಗಿಯೇ ಕೂರುತ್ತದೆ, ಆದರೆ ಹೆಲ್ಮೆಟ್ಟಿನ ಅಂಚು ತಾಗಿ ಅರ್ಧ ದಾರಿಯಲ್ಲೇ ಜಜ್ಜಿಹೋಗುತ್ತದೆ. ಜಡೆಯ ತುದಿಗೆ ಕಟ್ಟಿದರೆ ಗಾಳಿಗೆ ಹಾರಿ ಎಳೆಎಳೆಯಾಗುತ್ತದೆ. ಸದ್ಯಕ್ಕೆ ಮಾಲೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಊಟದ ಡಬ್ಬಿಯ ಜೊತೆ ಒಯ್ಯುತ್ತಿದ್ದೇನೆ. ಕಚೇರಿ ಮುಟ್ಟಿ, ಹೆಲ್ಮೆಟ್ ತೆಗೆದು, ಬಟ್ಟೆ ಸರಿ ಮಾಡಿಕೊಂಡು, ಹಾಜರಿ ಹಾಕುವ ಮುಂಚೆ ಮುಡಿಯುತ್ತೇನೆ. ಮೊನ್ನೆ ಮಧ್ಯಾಹ್ನ ಡಬ್ಬಿ ಅದಲುಬದಲಾಗಿ ಸೆಕ್ಷನ್‌ನವರೊಬ್ಬರು ಪಲ್ಯ ಅಂತ ಮುಚ್ಚಳ ತೆಗೆದರೆ ಒಳಗೆ ಮಲ್ಲಿಗೆ.